ಹೊಕ್ಕುಳಬಳ್ಳಿಯ ರಕ್ತ ಯಾರ ಪಾಲು?

(ರಾಣೆಬೆನ್ನೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚು ಪ್ರತಿ)

ಜನರ ಆರೋಗ್ಯಕ್ಕೆ ಸಂಬಂಧಿಸಿದ ಯಾವುದಾದರೂ ವಿಷಯ ಆಗಬಹುದು ಎಂದು ಸಂಘಟಕರು ಹೇಳಿದ್ದರು. ಹೆರಿಗೆ ಮಾಡಿಸುವುದೇ ಕಸುಬಾಗಿರುವ ನನ್ನನ್ನು ಬಸುರಿಯರ ಮನೆಯವರು ಈಚೆಗೆ ಅತಿ ಹೆಚ್ಚು ಕೇಳುವ ಪ್ರಶ್ನೆಯನ್ನೇ ಇವತ್ತಿನ ವಿಷಯ ಮಾಡಿಕೊಂಡಿದ್ದೇನೆ.

ಕುಬಸ ಮುಗಿಸಿಕೊಂಡು ತಪಾಸಣೆಗೆ ಬಂದ ಸೊಸೆಯ ಜೊತೆ ಅತ್ತೆಯೂ ಬಂದಿರುತ್ತಾರೆ. ಕೈಯಲ್ಲಿ ಯಾವುದೋ ಖಾಸಗಿ ಹೊಕ್ಕುಳ ರಕ್ತ ಬ್ಯಾಂಕಿನ ಹೊಳಪು ಕಾಗದದ ಪುಸ್ತಿಕೆ. “ಬಾಯಾರ, ಹೊಕ್ಕಳ ಬಳ್ಳಿ ರಕ್ತ ತಗದಿಟ್ರ ಕೂಸಿಗೆ ಮುಂದ ಎಂಥಾ ರೋಗ ಬಂದ್ರೂ ವಾಸಿ ಆಕ್ಕೈತಂತ, ಖರೇ ಏನ್ರೀ? ಕಂತಿನ್ಯಾಗ ಕೊಟ್ರೂ ನಡೀತೈತಂತ.” ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಹೇಳಿ ಕಳಿಸಬಹುದು. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿರುವಾಗ ಹಾಗೆ ಕಳಿಸಿದ್ದೂ ಉಂಟು. ಇವತ್ತು ಒಂದು ತಾಸು ಸಿಕ್ಕಿದೆ, ಪೂರಾ ಉತ್ತರ ಹೇಳುತ್ತೇನೆ.

ಮಗು ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಬಳ್ಳಿಯಲ್ಲಿ, ಮಾಸಿನಲ್ಲಿ ಸ್ವಲ್ಪ ರಕ್ತ ಉಳಿಯುತ್ತದೆ. ನಮ್ಮ ಕಡೆ ಮಾಸನ್ನು ಹಿತ್ತಲಲ್ಲಿ ಹುಗಿಯುತ್ತಿದ್ದರು. ಆಸ್ಪತ್ರೆಗಳಲ್ಲಿ ಅದು ಹಳದಿ ಚೀಲಕ್ಕೆ ಹೋಗುತ್ತದೆ. ಆ ರಕ್ತದಲ್ಲಿ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಎಲ್ಲವನ್ನೂ ಹೊಸದಾಗಿ ಹುಟ್ಟಿಸಬಲ್ಲ ಕಾಂಡಕೋಶಗಳಿವೆ. 1988ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್ಮನ್ ಎಂಬ ವೈದ್ಯೆ, ಫ್ಯಾಂಕೋನಿ ಅನೀಮಿಯಾ ಎಂಬ ಆನುವಂಶಿಕ ರೋಗವಿದ್ದ ಅಮೆರಿಕದ ಒಬ್ಬ ಪುಟ್ಟ ಹುಡುಗನಿಗೆ ಅವನ ತಂಗಿಯ ಹೊಕ್ಕುಳ ರಕ್ತವನ್ನು ಕೊಟ್ಟರು. ಹುಡುಗ ಬದುಕಿದ. ಜಗತ್ತಿನಲ್ಲಿ ಅದೇ ಮೊದಲು. ಅಲ್ಲಿಂದ ಈಚೆಗೆ ಇಂಥ ಕಸಿಗಳು 40,000 ದಾಟಿವೆ.

ಮೊದಲ ಸಲವೇ ರಕ್ತ ತಂಗಿಯದು, ಬದುಕಿದವನು ಅಣ್ಣ ಎಂಬುದನ್ನು ಗಮನಿಸಬೇಕು. ಅವನದೇ ಹೊಕ್ಕುಳ ರಕ್ತವನ್ನು ಕಾಯ್ದಿಟ್ಟಿದ್ದರೂ ಉಪಯೋಗವಾಗುತ್ತಿರಲಿಲ್ಲ, ಯಾಕೆಂದರೆ ಫ್ಯಾಂಕೋನಿಯ ದೋಷ ಆ ರಕ್ತದಲ್ಲೂ ಇರುತ್ತಿತ್ತು. ಥಲಸ್ಸೀಮಿಯಾ, ಸಿಕಲ್ ಸೆಲ್‌ನಂಥ ಆನುವಂಶಿಕ ರಕ್ತರೋಗಗಳ ಕಥೆಯೂ ಇದೇ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲೂ ಎಷ್ಟೋ ಸಲ ಕ್ಯಾನ್ಸರಿಗೆ ದಾರಿ ಮಾಡುವ ಮೊದಲ ಬದಲಾವಣೆ ಹುಟ್ಟುವಾಗಲೇ ರಕ್ತದಲ್ಲಿರುತ್ತದೆ. ಅಂಥ ರಕ್ತವನ್ನು ವಾಪಸು ಕೊಟ್ಟರೆ ರೋಗವನ್ನೇ ವಾಪಸು ಕೊಟ್ಟ ಹಾಗೆ. ಒಂದು ಮಗುವಿಗೆ ತನ್ನದೇ ಹೊಕ್ಕುಳ ರಕ್ತ ಬೇಕಾಗಿ ಬರುವ ಸಂಭವ 400ಕ್ಕೆ ಒಂದರಿಂದ ಹಿಡಿದು 2,00,000ಕ್ಕೆ ಒಂದರವರೆಗೆ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದೆ. ಅಂದಾಜು ಇಷ್ಟು ಅಗಲವಾಗಿದೆ ಎಂದರೆ ಖಚಿತ ಲೆಕ್ಕ ಯಾರ ಹತ್ತಿರವೂ ಇಲ್ಲ ಎಂದರ್ಥ. ಯಾರಿಗಾದರೂ ಸಿಗಲೆಂದು ಸಾರ್ವಜನಿಕ ಬ್ಯಾಂಕಿನಲ್ಲಿಟ್ಟ ರಕ್ತ, ದುಡ್ಡು ಕೊಟ್ಟು ತಮಗೆಂದೇ ಖಾಸಗಿ ಬ್ಯಾಂಕಿನಲ್ಲಿಟ್ಟಿದ್ದಕ್ಕಿಂತ 30 ಪಟ್ಟು ಹೆಚ್ಚಾಗಿ ಬಳಕೆಗೆ ಬರುತ್ತದೆ ಎಂದೂ ಅದೇ ಅಕಾಡೆಮಿ ಹೇಳುತ್ತದೆ.

ಪುಸ್ತಿಕೆಗಳಲ್ಲಿ ಆಟಿಸಂ, ಮೆದುಳಿನ ಪಾರ್ಶ್ವವಾಯು, ಮಧುಮೇಹಗಳ ಹೆಸರೂ ಇರುತ್ತದೆ. ಆಟಿಸಂ ಬಗ್ಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಶ್ರದ್ಧೆಯಿಂದ ಪ್ರಯೋಗ ಮಾಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಅವರೇ ಮೊದಲು ಗೊತ್ತು ಮಾಡಿಕೊಂಡಿದ್ದ ಮುಖ್ಯ ಅಳತೆಯಲ್ಲಿ ಲಾಭ ಕಾಣಲಿಲ್ಲ. ಪುಸ್ತಿಕೆಗಳು ಆ ಮಾತನ್ನು ಹೇಳುವುದಿಲ್ಲ.

ಬ್ಯಾಡಗಿಯವರು ಕೂತಿದ್ದೀರಿ, ನಿಮ್ಮ ಊರಿನ ಮಾತಲ್ಲೇ ಹೇಳುತ್ತೇನೆ. ದರ ಇಲ್ಲದಾಗ ರೈತ ಮೆಣಸಿನಕಾಯಿ ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾನೆ, ಚೀಟಿ ಪಡೆಯುತ್ತಾನೆ, ಬಾಡಿಗೆ ಕಟ್ಟುತ್ತಾನೆ. ಬೇಕಾದಾಗ ಚೀಲ ಬಿಚ್ಚಿಸಿ ಬಣ್ಣ ನೋಡಬಹುದು, ಮುರಿದು ವಾಸನೆ ನೋಡಬಹುದು. ಡಬ್ಬಿ ತಳಿಗೆ ಎಷ್ಟು, ಕಡ್ಡಿ ತಳಿಗೆ ಎಷ್ಟು ಎಂದು ಎ.ಪಿ.ಎಂ.ಸಿ.ಯಲ್ಲಿ ದರ ಗೊತ್ತಾಗುತ್ತದೆ. 2024ರ ಮಾರ್ಚಿನಲ್ಲಿ ದರ ಬಿದ್ದ ದಿನ ನಿಮ್ಮ ಮಾರುಕಟ್ಟೆಯ ಅಂಗಳದಲ್ಲಿ ವಾಹನಗಳು ಉರಿದವು. ಅದು ಸರಿ ಎನ್ನುತ್ತಿಲ್ಲ. ಸಿಟ್ಟು ಬರುವುದಕ್ಕಾದರೂ ಅಲ್ಲಿ ದರ ಕಣ್ಣಿಗೆ ಕಾಣುತ್ತಿತ್ತು. ದ್ರವ ಸಾರಜನಕದಲ್ಲಿ ಸೊನ್ನೆಯ ಕೆಳಗೆ 196 ಡಿಗ್ರಿಯಲ್ಲಿ ಮಲಗಿಸಿದ ಹೊಕ್ಕುಳ ರಕ್ತದ ಚೀಲವನ್ನು ಇಟ್ಟವರು ನೋಡುವುದಿಲ್ಲ, ಮುಟ್ಟುವುದಿಲ್ಲ, ಜೀವಕೋಶ ಎಷ್ಟು ಉಳಿದಿವೆ ಎಂದು ಕೇಳುವುದೂ ಇಲ್ಲ. ಐವತ್ತು ಸಾವಿರದಿಂದ ಲಕ್ಷದ ಮೇಲಿನವರೆಗೆ ಕೊಟ್ಟಿರುತ್ತಾರೆ, ಎಪ್ಪತ್ತೈದು ವರ್ಷದ ಕರಾರು ಇರುತ್ತದೆ. ಅಷ್ಟು ವರ್ಷ ಆ ಕಂಪನಿ ಇರುತ್ತದೆಯೇ ಎಂಬ ಪ್ರಶ್ನೆ ಕರಾರಿನ ಹೊರಗೆ ಉಳಿಯುತ್ತದೆ.

ಇದು ಬರೀ ಅನುಮಾನ ಎನ್ನುವವರಿಗೆ ಎರಡು ಘಟನೆ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಕ್ರಯೋ-ಸೇವ್ ಯುರೋಪಿನ ದೊಡ್ಡ ಖಾಸಗಿ ಬ್ಯಾಂಕುಗಳಲ್ಲಿ ಒಂದಾಗಿತ್ತು. 2019ರಲ್ಲಿ ಅದು ಮುಳುಗಿತು, ಸಂಗ್ರಹ ಪೋಲೆಂಡಿಗೆ ಹೋಯಿತು, ತಮ್ಮ ಮಗುವಿನ ಚೀಲ ಎಲ್ಲಿದೆ ಎಂದು ತಂದೆ ತಾಯಿಯರು ದೇಶ ದೇಶ ವಿಚಾರಿಸಬೇಕಾಯಿತು. ಇನ್ನೊಂದು ಸಿಂಗಾಪುರದ್ದು. ಶಿಸ್ತಿಗೆ ಹೆಸರಾದ ಆ ನಾಡಿನಲ್ಲೇ ಕಾರ್ಡ್‌ಲೈಫ್ ಸಂಸ್ಥೆಯ ಏಳು ಟ್ಯಾಂಕುಗಳಲ್ಲಿ ತಾಪಮಾನ ಏರುಪೇರಾಗಿದ್ದು 2023ರ ನವೆಂಬರಿನಲ್ಲಿ ಬೆಳಕಿಗೆ ಬಂತು. ಒಂದು ಟ್ಯಾಂಕಿನಲ್ಲೇ ಸುಮಾರು 2,200 ಚೀಲ ಕೆಟ್ಟಿದ್ದವು. ಅಲ್ಲಿ ಸರಕಾರ ತನಿಖೆ ಮಾಡಿದ್ದರಿಂದ ಅದು ಗೊತ್ತಾಯಿತು.

ಹಾಗಾದರೆ ಸಾರ್ವಜನಿಕ ಬ್ಯಾಂಕು ಯಾಕೆ ಬೇಡ? ರಕ್ತನಿಧಿಯ ಹಾಗೆ ಯಾರೋ ಕೊಟ್ಟಿದ್ದು ಯಾರಿಗೋ ಸಿಗಲಿ ಎಂಬುದು ಸುಂದರವಾದ ವಿಚಾರ. ನ್ಯೂಯಾರ್ಕ್ ರಕ್ತ ಕೇಂದ್ರದಲ್ಲಿ ಪಾಬ್ಲೊ ರುಬಿನ್‌ಸ್ಟೀನ್ 1990ರ ದಶಕದ ಆರಂಭದಲ್ಲಿ ಮಾಡಿದ್ದು ಅದನ್ನೇ. ಅಸ್ಥಿಮಜ್ಜೆ ಕಸಿಗೆ ದಾನಿಯ ಮತ್ತು ರೋಗಿಯ ಜೀವಕೋಶಗಳ ಮೇಲಿನ ಎಚ್‌ಎಲ್‌ಎ ಎಂಬ ಗುರುತುಗಳು ಹೆಚ್ಚುಕಡಿಮೆ ಪೂರಾ ಹೊಂದಬೇಕು. ಹೊಕ್ಕುಳ ರಕ್ತದ ಕೋಶಗಳು ಇನ್ನೂ ಎಳೆಯವು, ಆರು ಗುರುತುಗಳಲ್ಲಿ ನಾಲ್ಕು ಹೊಂದಿದರೂ ನಡೆಯುತ್ತದೆ. ಇದರಿಂದ ವಿಶೇಷವಾಗಿ ಲಾಭವಾದದ್ದು ಅಲ್ಲಿಯ ಕರಿಯರಿಗೆ. ಅಮೆರಿಕದ ಮಜ್ಜೆ ದಾನಿಗಳ ನೋಂದಣಿಯಲ್ಲಿ ಬಿಳಿಯ ರೋಗಿಗೆ ಪೂರ್ತಿ ಹೊಂದುವ ದಾನಿ ಸಿಗುವ ಸಂಭವ ಶೇ. 79 ಇದ್ದರೆ, ಕರಿಯ ರೋಗಿಗೆ ಶೇ. 29 ಮಾತ್ರ. ಆ ಕೊರತೆಯನ್ನು ಹೊಕ್ಕುಳ ರಕ್ತ ಸ್ವಲ್ಪ ತುಂಬಿತು. 2005ರಲ್ಲಿ ಅಮೆರಿಕ ಕಾನೂನನ್ನೇ ಮಾಡಿ 1,50,000 ಚೀಲಗಳ ರಾಷ್ಟ್ರೀಯ ಸಂಗ್ರಹದ ಗುರಿ ಇಟ್ಟುಕೊಂಡಿತು.

ನಮ್ಮಲ್ಲಿ ಚೆನ್ನೈಯ ಜೀವನ್ ಸಂಸ್ಥೆ ಇಂಥ ಸಾರ್ವಜನಿಕ ಬ್ಯಾಂಕನ್ನು ಕಟ್ಟಲು ಹೊರಟಿತ್ತು. ಹಣ ಹೊಂದಿಸುವುದು ಕಷ್ಟವಾಗಿ, ಮುಂದೆ ದಾನಿಗಳ ನೋಂದಣಿಯೇ ಅದರ ಮುಖ್ಯ ಕೆಲಸವಾಯಿತು. ಕಾರಣ ಊಹಿಸಬಹುದು. ದಾನವಾಗಿ ಬಂದ ಚೀಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೋಶದ ಸಂಖ್ಯೆ ಸಾಲದೆ ಬಿದ್ದುಹೋಗುತ್ತವೆ; ಉಳಿದವನ್ನು ಪರೀಕ್ಷೆ ಮಾಡಿ ಹತ್ತಾರು ವರ್ಷ ಕಾಯಬೇಕು; ಕೇಳಿಕೊಂಡು ಬರುವ ರೋಗಿಯೋ ಅಪರೂಪ. ಖಾಸಗಿಯವರ ಹತ್ತಿರ ದುಡ್ಡಿದೆ, ಉಪಯೋಗ ಕಡಿಮೆ. ಸಾರ್ವಜನಿಕ ಬ್ಯಾಂಕಿನದು ಉಪಯೋಗಕ್ಕೆ ಬರುತ್ತದೆ, ದುಡ್ಡಿಲ್ಲ. ಎರಡನ್ನೂ ಕೂಡಿಸಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದೇ ಇಲ್ಲಿಂದ.

ಕೂಡಿಸುವ ಪ್ರಯತ್ನಗಳು ಬೇರೆ ಬೇರೆ ರೀತಿಯಲ್ಲಿ ನಡೆದಿವೆ. 2007ರಲ್ಲಿ ಬ್ರಿಟನ್ನಿನ ಉದ್ಯಮಿ ರಿಚರ್ಡ್ ಬ್ರಾನ್ಸನ್ ‘ವರ್ಜಿನ್ ಹೆಲ್ತ್ ಬ್ಯಾಂಕ್’ ತೆರೆದರು. ಪ್ರತಿ ಮಗುವಿನ ರಕ್ತದಲ್ಲಿ ಐದರಲ್ಲಿ ಒಂದು ಪಾಲು ಆ ಮನೆಗೆ, ನಾಲ್ಕು ಪಾಲು ಜಗತ್ತಿಗೆ. ಕೇಳುವುದಕ್ಕೆ ನ್ಯಾಯವಾಗಿದೆ. ಆದರೆ ಒಂದು ಬಳ್ಳಿಯಿಂದ ಸಿಗುವುದು ಸಾಮಾನ್ಯವಾಗಿ 60ರಿಂದ 150 ಮಿಲಿ ಲೀಟರು. ದೊಡ್ಡವರ ಕಸಿಗೆ ಪೂರಾ ಚೀಲವೇ ಎಷ್ಟೋ ಸಲ ಸಾಲುವುದಿಲ್ಲ. ಅದನ್ನೂ ಹಂಚಿದರೆ ಮನೆಯ ಪಾಲು ಮನೆಗೂ ಆಗದು, ಊರ ಪಾಲೂ ಸೊರಗುತ್ತದೆ. ಆ ಬ್ಯಾಂಕು ಎರಡು ಮೂರು ವರ್ಷದಲ್ಲಿ ಕತಾರ್‌ಗೆ ಸ್ಥಳ ಬದಲಾಯಿಸಿತು.

ಸ್ಪೇನಿನ ಕಥೆ ಇನ್ನೂ ಸ್ವಾರಸ್ಯದ್ದು. 2005ರಲ್ಲಿ ಅಲ್ಲಿಯ ರಾಜಮನೆತನದ ಲಿಯೊನೋರ್ ಹುಟ್ಟಿದಾಗ ಅವಳ ಹೊಕ್ಕುಳ ರಕ್ತವನ್ನು ಅಮೆರಿಕದ ಖಾಸಗಿ ಬ್ಯಾಂಕಿಗೆ ಕಳಿಸಿದ್ದು ಸುದ್ದಿಯಾಯಿತು. ಸಾರ್ವಜನಿಕ ದಾನಕ್ಕೆ ಹೆಸರಾದ ದೇಶದಲ್ಲಿ ಅರಸರೇ ಹೀಗೆ ಮಾಡಿದರೆ ಹೇಗೆ ಎಂದು ಜನ ಕೇಳಿದರು. ಮರುವರ್ಷ ಸರಕಾರ ನಿಯಮ ತಂದಿತು: ಖಾಸಗಿ ಬ್ಯಾಂಕು ಇರಬಹುದು, ಆದರೆ ಅದರಲ್ಲಿರುವ ರಕ್ತ ಯಾವ ರೋಗಿಗೆ ಹೊಂದಿದರೂ ಕೊಡಬೇಕು. ದುಡ್ಡು ಕಟ್ಟಿದ ಎಷ್ಟೋ ಮನೆಯವರಿಗೆ ಇದು ಸರಿಬರಲಿಲ್ಲ, ಅವರು ಚೀಲಗಳನ್ನು ಪರದೇಶಕ್ಕೆ ಕಳಿಸುವುದನ್ನು ಮುಂದುವರಿಸಿದರು. ಇಷ್ಟಾದರೂ ಈ ಎಲ್ಲ ಪ್ರಯತ್ನಗಳಲ್ಲಿ ನನಗೆ ಮರ್ಯಾದಸ್ಥವಾಗಿ ಕಾಣುವುದು ಸ್ಪೇನಿನದೇ.

ನಮ್ಮ ದೇಶದಲ್ಲಿ 2017ರಲ್ಲಿ ಚೆನ್ನೈಯ ಲೈಫ್‌ಸೆಲ್ ಕಂಪನಿ ‘ಸಮುದಾಯ ಬ್ಯಾಂಕಿಂಗ್’ ಎಂಬ ಪದ್ಧತಿ ತಂದಿತು. ಸದಸ್ಯರೆಲ್ಲರ ಮಕ್ಕಳ ರಕ್ತ ಒಂದೇ ಕಣಜದಲ್ಲಿ. ಯಾವ ಸದಸ್ಯರ ಮನೆಯಲ್ಲಿ ಬೇಕಾದರೂ ಹೊಂದುವ ಚೀಲವನ್ನು ಅದರಿಂದ ಪಡೆಯಬಹುದು. ತನ್ನದು ತನಗೆ ಮಾತ್ರ ಎಂಬ ಹಳೆಯ ಪದ್ಧತಿಗಿಂತ ಇದು ವೈಜ್ಞಾನಿಕವಾಗಿ ಎಷ್ಟೋ ಮೇಲು, ಅದನ್ನು ಒಪ್ಪಲೇಬೇಕು. ಆದರೆ ಕಣಜದ ಬಾಗಿಲು ಸದಸ್ಯರಿಗಷ್ಟೇ ತೆರೆಯುತ್ತದೆ. ಹಿರೇಕೆರೂರಿನ ಕೂಲಿಯವನ ಮಗುವಿಗೆ ಹೊಂದುವ ಚೀಲ ಅಲ್ಲಿದ್ದರೂ ಅವನು ಸದಸ್ಯನಲ್ಲ. ಹಣ ಕೊಟ್ಟವರು ತಮ್ಮೊಳಗೆ ಹಂಚಿಕೊಳ್ಳುವುದನ್ನು ಸಾರ್ವಜನಿಕ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಎಚ್‌ಎಲ್‌ಎ ಗುರುತುಗಳು ಅಪ್ಪ ಅವ್ವನಿಂದ ಬರುವಂಥವು. ಹತ್ತಾರು ತಲೆಮಾರು ಜಾತಿಯೊಳಗೇ, ಬೀಗರೊಳಗೇ ಮದುವೆಯಾದ ನಮ್ಮಂಥ ದೇಶದಲ್ಲಿ ಅವು ಒಂದೊಂದು ಸಮುದಾಯದಲ್ಲಿ ಒಂದೊಂದು ಬಗೆಯಾಗಿ ಗುಂಪುಗೂಡಿವೆ. ಶಹರಗಳ ಉಳ್ಳವರ ಮಕ್ಕಳ ರಕ್ತದಿಂದ ತುಂಬಿದ ಕಣಜ, ಅದು ಎಷ್ಟೇ ದೊಡ್ಡದಿರಲಿ, ನಮ್ಮ ಕುರುಬರಿಗೆ, ಲಂಬಾಣಿಗರಿಗೆ, ಅಂಬಿಗರಿಗೆ ಹೊಂದುತ್ತದೆ ಎಂಬ ಖಾತ್ರಿ ಇಲ್ಲ. ರಕ್ತ ಎಲ್ಲಿ ಸಂಗ್ರಹಿಸುತ್ತೀರಿ ಎಂಬುದರ ಮೇಲೆ ಯಾರು ಬದುಕುತ್ತಾರೆ ಎಂಬುದು ನಿಂತಿದೆ.

ಅಂದರೆ ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲೇ ಹೊಕ್ಕುಳ ರಕ್ತ ತೆಗೆಯಲು ಶುರು ಮಾಡಬೇಕೇ? ನಾಲ್ಕು ಜನ ಗೆಳೆಯರು ಇದನ್ನು ಉತ್ಸಾಹದಿಂದಲೇ ಕೇಳಿದ್ದಾರೆ. ನನ್ನ ಉತ್ತರ, ಬೇಡ. ಸಾಗಣೆ ಒಂದು ತೊಡಕು. ರಾತ್ರಿ ಎರಡಕ್ಕೆ ಆದ ಹೆರಿಗೆಯ ರಕ್ತ 48 ತಾಸಿನೊಳಗೆ ಪ್ರಯೋಗಾಲಯ ಮುಟ್ಟಿ ಸಂಸ್ಕರಣೆಯಾಗಬೇಕು; ಬೆಂಗಳೂರು ಇಲ್ಲಿಂದ 300 ಕಿಲೋಮೀಟರ್. ಅದನ್ನು ಹೇಗಾದರೂ ಹೊಂದಿಸಬಹುದು ಎನ್ನಿ. ನನ್ನ ನಿಜವಾದ ತಕರಾರು ಬೇರೆ.

ಆ ರಕ್ತ ಕಸ ಎಂದು ನಾವು ಅಂದುಕೊಂಡಿದ್ದೇ ತಪ್ಪು. ಮಗು ಹುಟ್ಟಿದ ಕೂಡಲೇ ಬಳ್ಳಿ ಕತ್ತರಿಸಿದರೆ ಮಗುವಿನ ರಕ್ತದಲ್ಲಿ ಮೂರನೇ ಒಂದು ಭಾಗದಷ್ಟು ಮಾಸಿನ ಕಡೆಯೇ ಉಳಿದುಬಿಡುತ್ತದೆ. ಒಂದು ನಿಮಿಷ ತಡೆದರೆ ಸುಮಾರು 80 ಮಿಲಿ ಲೀಟರು, ಮೂರು ನಿಮಿಷ ತಡೆದರೆ 100ರ ಹತ್ತಿರ ಮಗುವಿಗೆ ಇಳಿಯುತ್ತದೆ. ಅದರೊಳಗಿನ ಕಬ್ಬಿಣ ಮುಂದಿನ ಹಲವು ತಿಂಗಳಿಗೆ ಆಧಾರ. ಒಂದರಿಂದ ಮೂರು ನಿಮಿಷ ತಡೆದೇ ಬಳ್ಳಿ ಕಟ್ಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೆ. ಹಳೆಯ ಸೂಲಗಿತ್ತಿಯರು ಬಳ್ಳಿಯ ಬಡಿತ ನಿಲ್ಲುವತನಕ ಕೈ ಹಚ್ಚುತ್ತಿರಲಿಲ್ಲ. ಅವಸರ ಕಲಿಸಿದ್ದು ನಾವು, ಆಸ್ಪತ್ರೆಯವರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಕ್ಕಳಿಗೆ ರಕ್ತಹೀನತೆ ಇದೆ. ಹಿಂದಿನ ಸುತ್ತಿನಲ್ಲಿ ಅದು ಶೇ. 60.9 ಇತ್ತು, ಏರಿದೆ. ಚೀಲ ತುಂಬಬೇಕಾದರೆ ಬೇಗ ಕತ್ತರಿಸಬೇಕು; ತಡೆದು ಕತ್ತರಿಸಿದರೆ ಚೀಲಕ್ಕೆ ಸಾಲುವಷ್ಟು ಸಿಗುವುದು ಕಡಿಮೆ. ಲಕ್ಷದಲ್ಲಿ ಒಬ್ಬನಿಗೆ ಬೇಕಾದೀತು ಎಂದು, ಮೂವರಲ್ಲಿ ಇಬ್ಬರಿಗೆ ಇವತ್ತೇ ಬೇಕಾದ ರಕ್ತವನ್ನು ತೆಗೆಯಲು ನನಗೆ ಕೈ ಬರುವುದಿಲ್ಲ. ಚೀಲ ಖಾಸಗಿಯವರದಿರಲಿ, ಸರಕಾರದ್ದಿರಲಿ, ಈ ಮಾತು ಬದಲಾಗುವುದಿಲ್ಲ.

ಮೇಲಾಗಿ, ಹೊಕ್ಕುಳ ರಕ್ತದ ಬೇಡಿಕೆಯೇ ಜಗತ್ತಿನಲ್ಲಿ ಇಳಿಯುತ್ತಿದೆ. ಅರ್ಧ ಹೊಂದುವ ಅಪ್ಪನೋ ಅವ್ವನೋ ಮಜ್ಜೆ ಕೊಟ್ಟು, ಕಸಿಯಾದ ಮೇಲೆ ಸೈಕ್ಲೋಫಾಸ್ಫಮೈಡ್ ಎಂಬ ಹಳೆಯ, ಅಗ್ಗದ ಔಷಧ ಕೊಡುವ ವಿಧಾನ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ರೂಪುಗೊಂಡು ಎಲ್ಲ ಕಡೆ ಹರಡಿದೆ. ಹೊಕ್ಕುಳ ರಕ್ತದಲ್ಲಿ ಕೋಶ ಕಡಿಮೆಯಾದ್ದರಿಂದ ಹೊಸ ರಕ್ತ ಬೇರೂರಲು ತಡವಾಗುತ್ತದೆ. ಅಷ್ಟು ದಿನ ರೋಗಿ ಆಸ್ಪತ್ರೆಯಲ್ಲಿ ಸೋಂಕಿನ ಬಾಯಲ್ಲಿರಬೇಕು, ಬಿಲ್ಲೂ ಏರುತ್ತದೆ. ನಮ್ಮ ದೇಶದ ವೈದ್ಯರು ಅರ್ಧ ಹೊಂದಾಣಿಕೆಯ ಕಡೆ ಹೊರಳಿದ್ದು ಸಹಜ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮನೆಗೆ ನಾನು “ಇಡ್ರಿ” ಅನ್ನುತ್ತೇನೆ. ದೊಡ್ಡ ಮಗುವಿಗೆ ಥಲಸ್ಸೀಮಿಯಾದಂಥ ರೋಗವಿದ್ದು ತಾಯಿ ಮತ್ತೆ ಬಸುರಿಯಾಗಿದ್ದರೆ ಹುಟ್ಟುವ ಕೂಸಿನ ಹೊಕ್ಕುಳ ರಕ್ತವನ್ನು ಕಾಯ್ದಿಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಸ್ವಂತಕ್ಕೆಂದು ಕೂಡಿಡಲು ವೈಜ್ಞಾನಿಕ ಆಧಾರವಿಲ್ಲ, ರೋಗಿಷ್ಟ ಒಡಹುಟ್ಟಿದವರಿಗಾಗಿ ಇಡಬಹುದು. ಬಳ್ಳಿಯ ಅಂಗಾಂಶ, ಹಲ್ಲು ಇತ್ಯಾದಿಗಳನ್ನು ಬ್ಯಾಂಕಿನಲ್ಲಿಡಲು ಆ ಮಾರ್ಗಸೂಚಿ ಒಪ್ಪಿಲ್ಲ ಎಂಬುದೂ ತಿಳಿದಿರಲಿ. ಇಲ್ಲೂ ಲೆಕ್ಕ ಪ್ರಾಮಾಣಿಕವಾಗಿರಬೇಕು. ಹೊಸ ಕೂಸು ಅಣ್ಣನಿಗೋ ಅಕ್ಕನಿಗೋ ಪೂರ್ತಿ ಹೊಂದುವ ಸಂಭವ ನಾಲ್ಕಕ್ಕೆ ಒಂದು. ಕೂಸಿಗೆ ಆ ರೋಗ ಇಲ್ಲದಿರುವ ಸಂಭವ ನಾಲ್ಕಕ್ಕೆ ಮೂರು. ಎರಡೂ ಕೂಡಿ ಬರುವುದು ನೂರಕ್ಕೆ 19 ಸಲ. ಕಡಿಮೆಯೇ, ಆದರೆ ಪುಸ್ತಿಕೆಯವರ ಸಂಭವಕ್ಕೆ ಹೋಲಿಸಿದರೆ ಬೆಟ್ಟದಷ್ಟು.

ಸರಕಾರಿ, ಖಾಸಗಿ ಎರಡನ್ನೂ ಕೂಡಿಸುವುದಾದರೆ ನಾನು ಕೂಡಿಸುವುದು ಇಲ್ಲಿ. ಟ್ಯಾಂಕು, ಸಾರಜನಕ, ಪ್ರಯೋಗಾಲಯ ಖಾಸಗಿಯವರಲ್ಲಿ ಆಗಲೇ ಇವೆ. 2011ರ ಕೊನೆಯಲ್ಲಿ ಆದ ಔಷಧ ನಿಯಮಗಳ ತಿದ್ದುಪಡಿಯ ಪ್ರಕಾರ ಅವರಿಗೆ ಲೈಸೆನ್ಸೂ ಬೇಕು. ರೋಗಿಷ್ಟ ಮಗುವಿರುವ ಮನೆಗೆ ಆ ಟ್ಯಾಂಕಿನ ಖರ್ಚನ್ನು ಸರಕಾರ ಕಟ್ಟಲಿ. ಥಲಸ್ಸೀಮಿಯಾ ಕಸಿಗೆ ಕೋಲ್ ಇಂಡಿಯಾದ ಬಾಲ ಸೇವಾ ಯೋಜನೆ 2017ರಿಂದ 10 ಲಕ್ಷದವರೆಗೆ ಕೊಡುತ್ತಿದೆ. ಕಸಿಗೆ ದುಡ್ಡು ಕೊಡುವ ವ್ಯವಸ್ಥೆ ಇರುವಾಗ ಅದಕ್ಕೆ ಬೇಕಾದ ರಕ್ತ ಕಾಯ್ದಿಡಲು ಅದರ ಒಂದು ಚೂರು ಕೊಡುವುದು ದೊಡ್ಡ ಮಾತಲ್ಲ. ಈಗಾಗಲೇ ಖಾಸಗಿ ಟ್ಯಾಂಕುಗಳಲ್ಲಿ ಮಲಗಿರುವ ಚೀಲಗಳನ್ನೂ ಬಿಡಬೇಕಿಲ್ಲ. ಇಟ್ಟವರು ಒಪ್ಪಿದರೆ ಅವುಗಳ ಎಚ್‌ಎಲ್‌ಎ ಗುರುತನ್ನು ದೇಶದ ಯಾವ ವೈದ್ಯರಿಗೂ ಹುಡುಕಲು ಸಿಗುವ ಪಟ್ಟಿಯಲ್ಲಿ ಸೇರಿಸಲಿ. ಒತ್ತಾಯ ಬೇಡ, ಸ್ಪೇನಿನಲ್ಲಾದದ್ದು ನೋಡಿದ್ದೇವೆ. ಕೊಟ್ಟವರಿಗೆ ಬಾಡಿಗೆ ಮನ್ನಾ ಮಾಡಿದರೆ ಒಪ್ಪುವವರು ಸಿಗುತ್ತಾರೆ.

ನಮ್ಮ ಭಾಗದ ಇನ್ನೊಂದು ಸಂಗತಿ. ಕರ್ನಾಟಕದಲ್ಲಿ ನೂರಕ್ಕೆ 27ರಷ್ಟು ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತವೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವ ನಮ್ಮ ರೂಢಿಯಿಂದ ಇಂಥ ರೋಗಗಳ ಸಂಭವ ಏರುತ್ತದೆ. ಮದುವೆಗೆ ಮುಂಚೆ, ಕಡೇಪಕ್ಷ ಬಸಿರಿನ ಮೊದಲ ತಿಂಗಳುಗಳಲ್ಲಿ, ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು. ಆದರೆ ಅದೇ ರೂಢಿಯ ಇನ್ನೊಂದು ಮುಖ ಕೇಳಿ: ಇಂಥ ಮನೆತನಗಳಲ್ಲಿ ಒಡಹುಟ್ಟಿದವರಷ್ಟೇ ಅಲ್ಲ, ಚಿಕ್ಕಪ್ಪ, ದೊಡ್ಡವ್ವನ ಮಕ್ಕಳು, ಒಮ್ಮೊಮ್ಮೆ ಸ್ವತಃ ಅಪ್ಪನೇ ಪೂರ್ತಿ ಹೊಂದುವುದುಂಟು. ದಾನಿಯನ್ನು ಹುಡುಕುತ್ತ ಚೆನ್ನೈ ಮುಂಬಯಿಗೆ ಹೋಗುವ ಮುಂಚೆ ಕಳ್ಳುಬಳ್ಳಿಯವರನ್ನೆಲ್ಲ ಒಮ್ಮೆ ಪರೀಕ್ಷೆ ಮಾಡಿಸಿ.

ಬಂಧುಗಳಲ್ಲಿ ಯಾರೂ ಹೊಂದದಿದ್ದಾಗ ಬೇಕಾಗುವುದು ಕಾಂಡಕೋಶ ಕೊಡಲು ಸಿದ್ಧರಿರುವ ದೊಡ್ಡವರ ನೋಂದಣಿ. ಚೆನ್ನೈಯ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಆ ಕೆಲಸ ಮಾಡುತ್ತಿವೆ. ಜಗತ್ತಿನ ನೋಂದಣಿಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಹೆಸರುಗಳಿದ್ದರೆ ನಮ್ಮ ದೇಶದ್ದು ಕೆಲವು ಲಕ್ಷ. ಹಾವೇರಿಯ ಗುದ್ಲೆಪ್ಪ ಹಳ್ಳಿಕೇರಿ ಕಾಲೇಜು, ಇಲ್ಲಿಯ ಆರ್‌ಟಿಇಎಸ್ ಕಾಲೇಜು, ಬ್ಯಾಡಗಿಯ ಕಾಲೇಜುಗಳಲ್ಲಿ ರಕ್ತದಾನ ಶಿಬಿರ ನಡೆದಾಗಲೇ ಈ ನೋಂದಣಿಯನ್ನೂ ಇಡಬಹುದು. ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿದರೆ ಪರೀಕ್ಷೆಗೆ ಸಾಕು, ಸೂಜಿಯೂ ಇಲ್ಲ. ಮುಂದೆ ಯಾರಿಗಾದರೂ ಹೊಂದಿದರೆ ಐದು ದಿನ ಇಂಜೆಕ್ಷನ್ ತೆಗೆದುಕೊಂಡು, ನಾಲ್ಕೈದು ತಾಸು ಯಂತ್ರದ ಪಕ್ಕ ಮಲಗಬೇಕು. ತೋಳಿನಿಂದಲೇ ರಕ್ತ ಯಂತ್ರಕ್ಕೆ ಹೋಗುತ್ತದೆ; ಯಂತ್ರ ಕಾಂಡಕೋಶವನ್ನು ಉಳಿಸಿಕೊಂಡು ಮಿಕ್ಕ ರಕ್ತವನ್ನು ವಾಪಸು ಕಳಿಸುತ್ತದೆ. ಬೆನ್ನುಹುರಿಗೆ ಏನೂ ಮಾಡುವುದಿಲ್ಲ.

ಕಾಲೇಜಿನ ಹುಡುಗ ಹುಡುಗಿಯರಿಗೆ ಒಂದು ಕೋರಿಕೆ. ಗೆಳೆಯರು ಬರೆಸಿದರೆಂದು ಹೆಸರು ಬರೆಸಬೇಡಿ. ಮೊದಲು ಮನೆಗೆ ಹೋಗಿ ಅಪ್ಪ, ಅವ್ವ, ಅಜ್ಜಿಗೆ ಇದು ಏನೆಂದು ಬಿಡಿಸಿ ಹೇಳಿ, ಒಪ್ಪಿಸಿ, ಆಮೇಲೆ ಬನ್ನಿ. ಕರೆ ಬಂದಾಗ ಮನೆಯವರು ಬೇಡ ಅಂದರು ಎಂದು ಹಿಂದೆ ಸರಿಯುವವರು ನಮ್ಮಲ್ಲಿ ಕಡಿಮೆ ಇಲ್ಲ. ಕೊನೆ ಗಳಿಗೆಯಲ್ಲಿ ನೀವು ಹಾಗೆ ಸರಿಯುವ ಹೊತ್ತಿಗೆ ಆ ಕಡೆ ರೋಗಿಯ ಹಳೆಯ ಮಜ್ಜೆಯನ್ನು ಔಷಧ ಕೊಟ್ಟು ಪೂರಾ ಅಳಿಸಿಬಿಟ್ಟಿರುತ್ತಾರೆ.